ಬಿಳಿಗೆ ಬಿದ್ದ ನೀಲಿ

ಜವರಯ್ಯನ ಪೇಂಟಿಂಗ್ ಷೆಡ್ಡಿಗೆ ಬೋರ್ಡಿರಲಿಲ್ಲ. ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ರಸ್ತೆಯಲ್ಲಿ, ಮನೆಯ ಮುಂದಕ್ಕೆ ಇಳಿಸಿದ ತಗಡಿನ ಮಾಡೇ ಷೆಡ್ಡು. ಬೋರ್ಡು ಬರೆಸೋಣ ಎಂದು ಮಗ ಶಶಿಧರ ಹತ್ತು ಸಲ ಹೇಳಿದ್ದ. "ಬೋರ್ಡು ನೋಡ್ಕಂಡು ಬರೋನು ನಂಗೆ ಗಿರಾಕಿ ಅಲ್ಲ ಕಣ್ಲಾ" ಎಂದು ಜವರಯ್ಯ ಹತ್ತು ಸಲವೂ ಬಾಯಿ ಮುಚ್ಚಿಸಿದ್ದ. ಅರವತ್ತೈದು ದಾಟಿದ್ದರೂ ಅವನ ಜಂಬಕ್ಕೆ ಮಾತ್ರ ವಯಸ್ಸಾಗಿರಲಿಲ್ಲ. ಮದ್ದೂರಿನ ಶಫೀವುಲ್ಲಾ ಸಾಹೇಬರ ಕೈಕೆಳಗೆ ಹನ್ನೊಂದು ವರ್ಷ ಲಾರಿಗಳಿಗೆ ಬಣ್ಣ ಹೊಡೆದು ಕೆಲಸ ಕಲಿತವನು ಅವನು. ಡಬ್ಬದ ಮೇಲಿನ ನಂಬರು ಓದಿ ಬಣ್ಣ ಬೆರೆಸುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಬಣ್ಣವನ್ನು ಕಣ್ಣಲ್ಲೇ ಅಳೆಯಬೇಕು ಎನ್ನುತ್ತಿದ್ದ.

ಆ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಕಪ್ಪು, ಕೆಂಪುಗಳಲ್ಲಿ ಅವನು ತಪ್ಪುತ್ತಿರಲಿಲ್ಲ. ಬಿಳಿ ಗಾಡಿ ಬಂದರೆ ಮಾತ್ರ ಕಷ್ಟ. ಬಿಳಿಯೆಲ್ಲ ಅವನಿಗೆ ಹಳದಿಯಾಗಿ ಕಾಣುತ್ತಿತ್ತು. ಬೆಳ್ಳಗಾಗಲಿ ಎಂದು ನೀಲಿ ಬಿಡುತ್ತಿದ್ದ. ಬಿಟ್ಟ ನೀಲಿ ಹೆಚ್ಚಾದದ್ದು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಹಾಗಿದ್ದೂ ಈ ಎರಡು ವರ್ಷದಲ್ಲಿ ಒಂದು ಗಾಡಿಯೂ ತಪ್ಪು ಬಣ್ಣದಲ್ಲಿ ಆ ಷೆಡ್ಡಿನಿಂದ ಹೊರಗೆ ಹೋಗಿರಲಿಲ್ಲ. ಅದಕ್ಕೆ ಕಾರಣ ಸೊಸೆ ದೀಪಿಕ.

ತನ್ನ ಸ್ಟೂಲಿನ ಮೇಲೆ ಕೂತು ಬಣ್ಣ ಬೆರೆಸಿದ ಮೇಲೆ ಜವರಯ್ಯ ಮಗ್ಗಿನ ಮೇಲೊಂದು ತಟ್ಟೆ ಮುಚ್ಚಿ ಊಟಕ್ಕೆ ಒಳಗೆ ಬರುತ್ತಿದ್ದ. ಬಣ್ಣ ಅರ್ಧ ಗಂಟೆ ಕೂರಬೇಕು ಎಂಬುದು ಶಫೀವುಲ್ಲಾ ಸಾಹೇಬರು ಹಾಕಿಕೊಟ್ಟ ಪದ್ಧತಿ. ಅಷ್ಟರಲ್ಲಿ ಹಳೆಯ ನೈಲಾನ್ ಸೀರೆಯ ತುಂಡಿನಲ್ಲಿ ಅದನ್ನು ಸೋಸಿ, ಬಣ್ಣ ಚಿಮ್ಮಿಸುವ ಗನ್ನಿನ ಡಬ್ಬಿಗೆ ತುಂಬಿಡುವುದು ದೀಪಿಕಳ ಕೆಲಸ. ತುಂಬಿದ ಮೇಲೆ ಅವಳು ಆ ಡಬ್ಬಿಗೆ ಎರಡು ಹನಿ ಹಳದಿ, ಅರ್ಧ ಹನಿ ಕೆಂಪು ಬಿಟ್ಟು ಕಲಕುತ್ತಿದ್ದಳು. ನೀಲಿ ಸತ್ತು ಬಿಳಿ ಸರಿಯಾಗುತ್ತಿತ್ತು. ಕೆರಗೋಡಿನಲ್ಲಿ ಅಪ್ಪನ ಹೊಲಿಗೆ ಅಂಗಡಿಯಲ್ಲಿ ರವಿಕೆಗೆ ದಾರ ಹೊಂದಿಸಿಕೊಟ್ಟು ಬೆಳೆದವಳು. ಅವಳಿಗೆ ಅದೇನು ದೊಡ್ಡ ವಿದ್ಯೆಯಾಗಿರಲಿಲ್ಲ. ಮೊದಲ ಸಲ ಹೆದರಿ ಮಾಡಿದಳು, ಆಮೇಲೆ ಅಭ್ಯಾಸವಾಯಿತು. ಮದುವೆಯಾಗಿ ಐದು ವರ್ಷಕ್ಕೂ ಮಗುವಾಗದ ತನ್ನನ್ನು ಆ ಮನೆಯಲ್ಲಿ ಮಗಾ ಎಂದು ಕರೆಯುತ್ತಿದ್ದವನು ಮಾವ ಒಬ್ಬನೇ. ಅವನ ಹೆಸರು ಕೆಡುವುದು ಅವಳಿಗೆ ಬೇಡವಾಗಿತ್ತು.

ಹೀಗಿರುವಾಗ ಬ್ಲಫ್ ಎಂಬ ಊರಿನಿಂದ ಸಿದ್ದೇಶ್ ಬಂದ. ಅಲ್ಲಿನ ಪವರ್ ಹೌಸಿನಲ್ಲಿ ಕೆಲಸ, ಹಳೆಯ ಬೈಕು ಕೂಡಿಸುವ ಹುಚ್ಚು. ಹದಿನೈದು ವರ್ಷದ ಹಿಂದಿನ ಬಿಳಿ ಬೈಕೊಂದನ್ನು ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೆಯೇ ಮಾಡಿಸಬೇಕೆಂದು ಹೊರಟಿದ್ದ. ಎಂಜಿನ್ ಕೆಲಸ ಮದ್ದೂರಿನಲ್ಲಿ ಮುಗಿದಿತ್ತು. ಗೋಣಿಚೀಲದಿಂದ ಅವನು ತೆಗೆದಿಟ್ಟದ್ದು ಫೇರಿಂಗು, ಅಂದರೆ ಬೈಕಿನ ಮುಂದಕ್ಕೂ ಪಕ್ಕಕ್ಕೂ ಹಿಂದಕ್ಕೂ ಹೊದಿಸುವ ಪ್ಲಾಸ್ಟಿಕ್ಕು. ಒಟ್ಟು ನಾಲ್ಕು ತುಂಡು. ಎಲ್ಲವೂ ಬಿರುಕು, ಸ್ಕ್ರೂ ಹಾಕುವ ಕಿವಿಗಳೆಲ್ಲ ಮುರಿದಿದ್ದವು.

"ಟ್ಯಾಂಕ್ ಮುಟ್ಟಂಗಿಲ್ಲ ಜವರಣ್ಣ" ಎಂದ ಸಿದ್ದೇಶ್. "ಅದ್ರ ಮೇಲಿರೋ ಸ್ಟಿಕರ್ ಈಗ ಎಲ್ಲೂ ಸಿಗಲ್ಲ. ಅದು ಹಳೇ ಬಿಳಿನೇ ಇರ್ಬೇಕು. ಈ ಫೇರಿಂಗ್ ಅದಕ್ಕೆ ಹೊಂದ್ಬೇಕು. ಮಾದರಿಗೆ ಈ ಸಣ್ಣ ಸೈಡ್ ಕವರ್ ಇಟ್ಟಿರ್ತೀನಿ, ಇದೂ ಹಳೇ ಬಣ್ಣನೇ."

"ನೀನು ಟ್ಯಾಂಕ್ ತಗಂಡು ಬಾ, ಎರಡಕ್ಕೂ ಯತ್ವಾಸ ಕಂಡ್ರೆ ನಾನು ಗನ್ ಬುಟ್ಬುಡ್ತೀನಿ" ಎಂದ ಜವರಯ್ಯ. ಷೆಡ್ಡಿನ ಎದುರಿನ ಟೀ ಅಂಗಡಿಯ ನಿಂಗಯ್ಯನಿಗೂ ಕೇಳಿಸುವಷ್ಟು ಜೋರಾಗಿಯೇ ಅಂದ.

ಕೆಲಸ ಶುರುವಾಯಿತು. ಬಿರುಕುಗಳಿಗೆ ಜವರಯ್ಯ ಅಡುಗೆ ಸೋಡ ಉದುರಿಸಿ ಅದರ ಮೇಲೆ ಅಂಟು ಬಿಡುತ್ತಿದ್ದ. ಬಿಟ್ಟ ಕ್ಷಣವೇ ಹೊಗೆಯಾಡಿ ಕಲ್ಲಾಗುತ್ತಿತ್ತು.

"ಬೋಂಡಕ್ಕೆ ಇಟ್ಟಿದ್ದ ಸೋಡ ಎಲ್ಲೋಯ್ತೇ?" ಅಡುಗೆಮನೆಯಿಂದ ಹೆಂಡತಿ ಬೆಟ್ಟಮ್ಮ ಕೂಗಿದಳು.

"ಬೈಕು ತಿಂತು ಕಣೇ" ಎಂದ ಜವರಯ್ಯ.

"ನನ್ ಮನೇಲಿ ಎಲ್ಲಾನೂವೆ ಆ ಬೈಕುಗಳೇ ತಿನ್ನದು. ಎತ್ಕಳಕ್ಕೊಂದು ಕೂಸಿಲ್ಲ, ಉಜ್ಜಕೆ ಮಾತ್ರ ಪ್ಲಾಸ್ಟಿಕ್ಕು."

ಕೊನೆಯ ಮಾತು ದೀಪಿಕಳಿಗೆ. ಅವಳು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತು, ಪುಟ್ಟಿ ಮೆತ್ತಿದ ಫೇರಿಂಗನ್ನು ನೀರು ಹುಯ್ದುಕೊಂಡು ಮರಳು ಕಾಗದದಲ್ಲಿ ಉಜ್ಜುತ್ತಿದ್ದಳು. ತಲೆ ಎತ್ತಲಿಲ್ಲ. ಕೈಗೆ ತೆಳ್ಳನೆಯ ಬಟ್ಟೆ ಸುತ್ತಿ ಮೇಲೆ ಸವರಿ ನೋಡಿದಳು. ಬರಿಗೈಗೆ ತಿಳಿಯದ ಏರುತಗ್ಗು ಬಟ್ಟೆ ಸುತ್ತಿದರೆ ತಿಳಿಯುತ್ತದೆ. ಅದನ್ನು ಕಲಿಸಿದವನು ಮಾವನೇ.

ಆವತ್ತು ಮಧ್ಯಾಹ್ನ ಮುದ್ದೆ, ಉಪ್ಸಾರು. ಉಣ್ಣುತ್ತ ಶಶಿಧರ ಮಾತು ತೆಗೆದ.

"ಅಪ್ಪ, ಮಂಡ್ಯದಲ್ಲಿ ಕಂಪ್ಯೂಟರ್‌ನಲ್ಲಿ ಬಣ್ಣ ಬೆರೆಸ್ಕೊಡ್ತಾರೆ. ಈ ಬಿಳಿ ಅಲ್ಲಿಂದ್ಲೇ ತಂದ್ಬುಡಾನ. ಇನ್ಮೇಲೆ ಗನ್ನು ನಾನ್ ಇಡೀತೀನಿ. ನಿಂಗೂ ವಯಸ್ಸಾಯ್ತು."

ಜವರಯ್ಯ ತುತ್ತು ನುಂಗಿ ಮಗನ ಮುಖ ನೋಡಿದ.

"ನಿನ್ ಕಣ್ಣು ಇರೋದು ಮೊಬೈಲ್ ನೋಡಕೆ ಕಣ್ಲಾ. ನಿಂಗೆ ಮೂವತ್ಮೂರು ವರ್ಸ ಆಯ್ತು, ಒಂದು ಕಪ್ಪು ಬಣ್ಣ ನೆಟ್ಟಗೆ ಹೊಡ್ಯಾಕ್ ಬರಕಿಲ್ಲ. ಕಂಪ್ಯೂಟರ್ ಅಂತೆ. ಈ ಎಣ್ಮಗೀಗಿರೋ ಕಣ್ಣು ನಿಂಗಿಲ್ವಲ್ಲೋ. ಸಿದ್ದೇಸನ ಬೈಕು ಮುಗೀಲಿ, ಗನ್ನು ಇವ್ಳ ಕೈಗೇ ಕೊಡ್ತೀನಿ. ನೀನು ಸೀಟು ಒರುಸ್ಕೊಂಡಿರು."

ದೀಪಿಕಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಗನ್ನು ಹಿಡಿಯಬೇಕೆಂಬ ಆಸೆಯನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ. ಮಾವನಿಗೆ ಹೇಗೆ ಗೊತ್ತಾಯಿತೋ. ಸಂತೋಷಕ್ಕೆ ಅವಳ ಮುಖ ಕೆಂಪಾಯಿತು. ಶಶಿಧರ ಅದನ್ನು ನೋಡಿದ. ಅರ್ಧ ಮುದ್ದೆ ಬಿಟ್ಟು ಎದ್ದು ಕೈ ತೊಳೆದ.

ಆಮೇಲಿನ ವಾರ ಒಂದು ಬಿಳಿ ಸ್ಕೂಟರಿನ ಪಕ್ಕದ ಕವರ್ ಬಂತು. ಜವರಯ್ಯ ಬಣ್ಣ ಬೆರೆಸಿ ಊಟಕ್ಕೆ ಹೋದ. ಬೀಡಿ ಬೆಂಕಿಪೊಟ್ಟಣ ಹುಡುಕಿಕೊಂಡು ಷೆಡ್ಡಿಗೆ ಬಂದ ಶಶಿಧರ, ಹೆಂಡತಿ ಡಬ್ಬಿಗೆ ಹಳದಿ ಬಿಡುತ್ತಿರುವುದನ್ನು ಕಂಡು ನಿಂತ.

"ಏನೇ ಅದು?"

ಅವಳು ಬೆಚ್ಚಿದಳು. ಸುಳ್ಳು ಹೇಳಲು ಬರಲಿಲ್ಲ, ಎಲ್ಲ ಹೇಳಿಬಿಟ್ಟಳು. ಮಾವನಿಗೆ ಹೇಳಬೇಡಿ ಎಂದು ಕೈ ಹಿಡಿದುಕೊಂಡಳು. ಶಶಿಧರ ಕೈ ಬಿಡಿಸಿಕೊಂಡ. ಆಮೇಲೆ ನಕ್ಕ.

"ಅಂಗಾದ್ರೆ ಎರಡು ವರ್ಸದಿಂದ ಆ ಸ್ಟೂಲ್ ಮ್ಯಾಲೆ ಅವನ್ನ ಕೂರ್ಸಿರೋಳು ನೀನು. ನನ್ ಕೈಲಿ ಸೀಟ್ ಒರುಸ್ತಾ ಇರೋಳೂ ನೀನೇಯ."

"ಅವರ ಹೆಸ್ರು ಓಗ್ಬಾರ್ದು ಅಂತ ಮಾಡ್ದೆ ಕಣ್ರೀ."

"ಸಿದ್ದೇಸನ ಬಿಳಿಗೆ ಒಂದು ಹನಿ ಬುಟ್ಯೋ, ನಿನ್ನನ್ನ ಕೆರಗೋಡು ಬಸ್ ಅತ್ತುಸ್ಬುಡ್ತೀನಿ. ಅವನು ಬೆರೆಸ್ದಂಗೇ ಸೋಸಿ ಇಡು. ಅಪ್ಪನ ಕಿವೀಗೆ ಆಕಿದ್ರೆ, ನಿನ್ ಕಣ್ಣು ಓಗ್ಬುಟ್ಟದೆ, ನಿನ್ ಸೊಸೆ ನಿನ್ನ ಎರಡು ವರ್ಸ ಮಂಗ ಮಾಡವ್ಳೆ ಅಂತ ನಾನೂ ಏಳ್ತೀನಿ. ಆಮ್ಯಾಕೆ ನೋಡು ಆ ಮುದ್ಕ ನಿಂಗೆ ಯಾವ ಗನ್ನು ಕೊಡ್ತಾನೆ ಅಂತ."

ಅಮ್ಮನಿಗೆ ಅವನು ಬೇರೆ ಥರ ಹೇಳಿದ. "ಅಪ್ಪನ ಕಣ್ಗೆ ಪೊರೆ ಬಂದದೆ ಅವ್ವ. ಏಳಿದ್ರೆ ಕೇಳ್ತಾನಾ? ಒಂದ್ಸಲ ಎಲ್ಲಾರ ಎದುರ್ಗೆ ಮುಗ್ಗರಿಸ್ಲಿ, ತಾನಾಗೇ ಆಪರೇಸನ್‌ಗೆ ಬತ್ತಾನೆ."

ಬೆಟ್ಟಮ್ಮನಿಗೆ ಗಂಡನ ಕಣ್ಣಿನ ಮೇಲೆ ಅನುಮಾನವಿದ್ದೇ ಇತ್ತು. ಅನ್ನದಲ್ಲಿ ಕಲ್ಲು ಆರಿಸಲೂ ಅವನಿಗೆ ಆಗುತ್ತಿರಲಿಲ್ಲ. "ಅಂಗೇ ಮಾಡು. ಜಂಬ ಇಳೀದೆ ಅವರು ಆಸ್ಪತ್ರೆ ಮೆಟ್ಲು ಅತ್ತಕಿಲ್ಲ" ಎಂದಳು. ಒಳ್ಳೆಯದಕ್ಕೇ ಎಂದುಕೊಂಡಳು. ಮನೆಯಲ್ಲಿ ಕೆಟ್ಟದ್ದು ಮಾಡುವಾಗ ಯಾರಿಗಾದರೂ ಒಂದು ಒಳ್ಳೆಯ ಕಾರಣ ಬೇಕೇ ಬೇಕಲ್ಲ.

ಸಿದ್ದೇಶನ ಫೇರಿಂಗಿಗೆ ಪ್ರೈಮರ್ ಆಯಿತು. ಮರುದಿನ ಜವರಯ್ಯ ಬಿಳಿ ಬೆರೆಸಲು ಕೂತ. ಮಾದರಿಯ ಸೈಡ್ ಕವರನ್ನು ತೊಡೆಯ ಮೇಲಿಟ್ಟುಕೊಂಡು, ಕಡ್ಡಿಯಲ್ಲಿ ಬಣ್ಣ ಅದ್ದಿ ಪಕ್ಕಕ್ಕೆ ಹಿಡಿದು, ನೀಲಿ ಬಿಟ್ಟ. ಇನ್ನೂ ಹಳದಿ ಎಂದು ಗೊಣಗಿ ಮತ್ತೆ ಬಿಟ್ಟ. ನೀರಿನ ಬಾಟಲಿ ಇಡುವ ನೆಪದಲ್ಲಿ ಬಂದ ದೀಪಿಕಳಿಗೆ ತಡೆಯಲಾಗಲಿಲ್ಲ.

"ಮಾವ, ಒಂದ್ಸಲ ಬಿಸಿಲಿಗೆ ಇಡಿದು ನೋಡ್ತೀರಾ?"

"ಯಾಕೆ? ನೆರಳಲ್ಲಿ ನನ್ ಕಣ್ಣು ಕಾಣಕಿಲ್ವಾ?"

"ಅಂಗಲ್ಲ ಮಾವ..."

"ನಲವತ್ತು ವರ್ಸ ಆಯ್ತು ನಾನು ಈ ಕೆಲ್ಸಕ್ಕೆ ಬಂದು. ಗನ್ ಕೊಡ್ತೀನಿ ಅಂದಿದ್ದೇ ತಡ, ಬಾಯಿ ಬಂತಾ? ಓಗು, ಮುದ್ದೆ ತೊಳುಸು."

ಅವಳು ಹೋದಳು. ಊಟದ ಹೊತ್ತಿಗೆ ಬಂದು ಬಣ್ಣ ಸೋಸಿದಳು. ಹಳದಿ ಡಬ್ಬಿ ಕೈಗೆಟುಕುವಲ್ಲೇ ಇತ್ತು. ಎದುರಿನ ಟೀ ಅಂಗಡಿಯಲ್ಲಿ ಶಶಿಧರ ಇತ್ತಲೇ ನೋಡುತ್ತ ಕೂತಿದ್ದ. ಅವಳು ಸೋಸಿ, ಮುಚ್ಚಳ ತಿರುಗಿಸಿ ಇಟ್ಟು ಒಳಗೆ ಬಂದಳು. ಆವತ್ತು ಅವಳು ಉಣ್ಣಲಿಲ್ಲ.

ಭಾನುವಾರ ಬೆಳಿಗ್ಗೆ ಸಿದ್ದೇಶ್ ಬೈಕು ತಂದ. ಜವರಯ್ಯ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ಒಂದೊಂದೇ ಸ್ಕ್ರೂ ತಾನೇ ಬಿಗಿದ. ಕಿವಿಗಳೆಲ್ಲ ಕರಾರುವಾಕ್ಕಾಗಿ ಕೂತವು. ಮುರಿದಿದ್ದ ಪ್ಲಾಸ್ಟಿಕ್ಕೆಂದು ಯಾರೂ ಹೇಳುವಂತಿರಲಿಲ್ಲ. "ಈಗ ತಳ್ಳಲಾ ಈಚೆಗೆ" ಎಂದ. ಶಶಿಧರ ಬೈಕನ್ನು ಬಿಸಿಲಿಗೆ ತಳ್ಳಿ ಸ್ಟ್ಯಾಂಡು ಹಾಕಿದ.

ಬಿಸಿಲಿನಲ್ಲಿ ಟ್ಯಾಂಕು ಹಾಲಿನಂತಿತ್ತು. ಸುತ್ತ ಇದ್ದ ಫೇರಿಂಗೆಲ್ಲ ನೀಲಿ.

ಸಿದ್ದೇಶನಿಗೆ ಮೊದಲು ನಗು ಬಂತು. "ಜವರಣ್ಣ, ಬಟ್ಟೆಗೆ ಹಾಕೋ ನೀಲಿ ಏನಾದ್ರೂ ಬೆರೆಸಿದ್ದೀರಾ?"

"ತಮಾಸೆ ಮಾಡಬ್ಯಾಡ ಕಣಪ್ಪ. ನೋಡು, ಗೆರೆ ಎಳ್ದಂಗೆ ಹೊಂದದೆ."

"ಎಲ್ಲಿ ಹೊಂದಿದೆ? ಕುರುಡನಿಗೂ ಕಾಣುತ್ತೆ."

ಟೀ ಕುಡಿಯುತ್ತಿದ್ದ ನಾಲ್ಕು ಜನ ಎದ್ದು ಬಂದರು. ಜವರಯ್ಯ ಅವರ ಮುಖ ನೋಡಿದ. "ನಿಂಗಯ್ಯ, ನೀನೇಳ್ಲಾ."

"ಟೀ ಕಾಸೋನು ನಂಗೇನ್ ತಿಳೀತದಣ್ಣ" ಎಂದ ನಿಂಗಯ್ಯ. ಆಮೇಲೆ ಮೆಲ್ಲಗೆ, "ವಸಿ ನೀಲಿನೇ ಕಾಣ್ತದೆ."

ಜವರಯ್ಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. "ನೀಲಿ ಅದೆ" ಎಂದಳು ಬೆಟ್ಟಮ್ಮ. "ಕಣ್ ತೋರ್ಸ್ಕಳಿ ಅಂತ ಬಡ್ಕಂಡೆ."

"ಮಗಾ, ನೀನೇಳು."

ದೀಪಿಕ ನೆಲ ನೋಡಿದಳು. "ನೀಲಿ ಅದೆ ಮಾವ."

ಅಷ್ಟಕ್ಕೆ ಮುಗಿಸಬಹುದಾಗಿತ್ತು. ಶಶಿಧರ ಮುಗಿಸಲಿಲ್ಲ. ಷೆಡ್ಡಿನಿಂದ ಎರಡು ಕಾಗದ ತಂದು, ಒಂದೊಂದು ಕೈಯಲ್ಲಿ ಒಂದೊಂದು ಎತ್ತಿ ಹಿಡಿದ. ಒಂದು ಬಿಳಿ, ಒಂದು ತಿಳಿನೀಲಿ.

"ಅಪ್ಪ, ಇದ್ರಲ್ಲಿ ಬಿಳಿ ಯಾವ್ದು ಏಳು ನೋಡಾನ."

ಜವರಯ್ಯ ಕಣ್ಣು ಕಿರಿದು ಮಾಡಿಕೊಂಡು ನೋಡಿದ. ಹತ್ತಿರ ಬಂದು ನೋಡಿದ. ಕೊನೆಗೆ ನೀಲಿ ಕಾಗದವನ್ನು ಮುಟ್ಟಿದ.

ಹಿಂದಿನಿಂದ ಯಾರೋ ಕಿಸಕ್ಕೆಂದರು. "ಇನ್ನಾರ ಆ ಸ್ಟೂಲ್ ಬುಟ್ಟು ಇಳಿ ಅಪ್ಪ" ಎಂದ ಶಶಿಧರ, ಸಣ್ಣ ಮಕ್ಕಳಿಗೆ ಹೇಳುವ ಧ್ವನಿಯಲ್ಲಿ. ಜವರಯ್ಯ ಒಗೆದ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದ. ಇನ್ನೆರಡು ತಿಂಗಳು ಟೈಮು ಕೊಡುತ್ತೇನೆ ಎಂದು ಹೇಳಿ, ಫೇರಿಂಗು ಬಿಚ್ಚಿಸಿ ಇಟ್ಟು ಸಿದ್ದೇಶ್ ಹೊರಟ.

ಆ ವಾರವೇ ಮಂಡ್ಯದಲ್ಲಿ ಕಣ್ಣಿನ ಆಪರೇಷನ್ ಆಯಿತು. ಬೆಟ್ಟಮ್ಮ ಅಂದುಕೊಂಡಂತೆಯೇ ಅವನು ಎದುರಾಡದೆ ಬಸ್ಸು ಹತ್ತಿದ್ದ. ಮನೆಗೆ ಬಂದ ಮೇಲೆ ಕಪ್ಪು ಕನ್ನಡಕ, ದಿನಕ್ಕೆ ಆರು ಸಲ ಕಣ್ಣಿಗೆ ಹನಿ, ತಲೆಗೆ ನೀರಿಲ್ಲ, ಷೆಡ್ಡಿನ ಧೂಳು ಕೂಡದು. ಹನಿ ಹಾಕುತ್ತಿದ್ದವಳು ದೀಪಿಕ. ಅವನು ಕಣ್ಣು ತೆರೆದು, ಹನಿ ಬಿದ್ದ ಮೇಲೆ ಮುಚ್ಚಿ, ಗೋಡೆಯ ಕಡೆ ತಿರುಗುತ್ತಿದ್ದ.

ಹೊರಗೆ ಸ್ಟೂಲು ಶಶಿಧರನದಾಯಿತು. ಮಂಡ್ಯದಿಂದ ಕಂಪ್ಯೂಟರಿನ ಬಿಳಿ ತಂದು ಮುಂದಿನ ಫೇರಿಂಗಿಗೆ ಹೊಡೆದ. ಹೊಸ ಗಾಡಿಯ ಬಿಳಿ ಅದು, ಹದಿನೈದು ವರ್ಷದ ಬಿಳಿಯ ಪಕ್ಕ ಸುಣ್ಣದಂತೆ ಕಂಡಿತು. ಉಜ್ಜಿ ತೆಗೆದು ತಾನೇ ಬೆರೆಸಿದ. ಈ ಸಲ ಕೆನೆ ಬಣ್ಣವಾಯಿತು. ಮೂರನೆಯ ದಿನ ಹಿತ್ತಲಿಗೆ ಬಂದ.

"ನೀನೇ ಬೆರೆಸ್ಕೊಡು. ಅಪ್ಪಂಗೆ ನಾನ್ ಬೆರೆಸ್ದೆ ಅಂತೀನಿ."

"ನಾನು ಬೆರೆಸ್ದೆ ಅಂತ ಏಳಿ, ಬೆರೆಸ್ತೀನಿ."

"ಏನಂದೆ?"

"ನಾನು ಬೆರೆಸ್ದೆ ಅಂತ ಮಾವಂಗೆ ಏಳಿ."

ಶಶಿಧರ ಕೆನ್ನೆಗೆ ಬಾರಿಸಿದ. ಅವಳ ಕೈಯಲ್ಲಿದ್ದ ತಟ್ಟೆ ಕಲ್ಲಿನ ಮೇಲೆ ಬಿದ್ದು ಉರುಳಿತು. ಸದ್ದಿಗೆ ಬಂದ ಬೆಟ್ಟಮ್ಮ ಸೊಸೆಯನ್ನೇ ಬೈದಳು. "ಗಂಡ ಕೇಳ್ದಾಗ ಮಾಡ್ಕೊಟ್ರೆ ಏನಾಯ್ತದೆ ನಿಂಗೆ? ಗನ್ ಇಡಿಯೋ ಚಪಲ ನಿಂಗೆ." ದೀಪಿಕ ತಟ್ಟೆ ಎತ್ತಿಕೊಂಡು ಮತ್ತೆ ತೊಳೆದಳು. ಬೆರೆಸಿ ಮಾತ್ರ ಕೊಡಲಿಲ್ಲ.

ಐದನೆಯ ವಾರ ಜವರಯ್ಯ ಕನ್ನಡಕ ತೆಗೆದು ಷೆಡ್ಡಿಗೆ ಬಂದ. ಹೊಸಲಿನಲ್ಲಿ ನಿಂತು ಸುತ್ತ ನೋಡಿದ. ಡಬ್ಬಗಳು, ತಗಡು, ರಸ್ತೆ, ನಿಂಗಯ್ಯನ ಅಂಗಡಿಯ ಕೊಡೆ, ಎಲ್ಲವನ್ನೂ ಒಂದೊಂದಾಗಿ ನೋಡಿದ. ಮಗ ಹೊಡೆದ ಮುಂದಿನ ಫೇರಿಂಗು ಕಣ್ಣಿಗೆ ಬಿತ್ತು.

"ಇದೇನ್ಲಾ? ಕೆನೆ ಬಳ್ದಂಗದೆ."

ಶಶಿಧರ ಅದನ್ನು ಗೋಡೆಯ ಕಡೆ ತಿರುಗಿಸಿಟ್ಟ. ಜವರಯ್ಯ ತಂತಿಗೆ ನೇತುಹಾಕಿದ್ದ ಹಿಂದಿನ ತುಂಡನ್ನು ಇಳಿಸಿಕೊಂಡ. ಅದು ಅವನೇ ಹೊಡೆದದ್ದು, ಯಾರೂ ಮುಟ್ಟಿರಲಿಲ್ಲ. ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಹೆಂಡತಿಯನ್ನೂ ಸೊಸೆಯನ್ನೂ ಕೂಗಿ ಕರೆದ.

"ಎರಡು ವರ್ಸದ ಪೊರೆ ಅಂದ್ರು ಡಾಕ್ಟ್ರು. ಎರಡು ವರ್ಸದಲ್ಲಿ ಎಷ್ಟು ಬಿಳಿ ಗಾಡಿ ಓದೋ ಇಲ್ಲಿಂದ? ಒಂದೂ ವಾಪಸ್ ಬರ್ನಿಲ್ಲ. ಇದೊಂದೇ ಎಂಗ್ಲಾ ತಪ್ತು?"

ಶಶಿಧರ ತುಟಿ ಒದ್ದೆ ಮಾಡಿಕೊಂಡ. "ಇವ್ಳನ್ನ ಕೇಳು. ಸೋಸೋವಾಗ ನಿನ್ ಬಣ್ಣಕ್ಕೆ ಏನೇನೋ ಬೆರೆಸ್ತಾಳೆ. ನಾನೇ ಕಣ್ಣಾರೆ ಕಂಡಿವ್ನಿ. ಇವ್ಳೇ ಕೆಡ್ಸಿರೋದು."

"ಬೆರೆಸ್ತಿದ್ದೆ ಮಾವ" ಎಂದಳು ದೀಪಿಕ. "ಎರಡು ವರ್ಸ ಬೆರೆಸ್ದೆ. ನಿಮ್ ಬಿಳೀಲಿ ನೀಲಿ ಎಚ್ಚಾಯ್ತಿತ್ತು, ಸರಿ ಮಾಡ್ತಿದ್ದೆ. ಇದೊಂದಕ್ಕೆ ಒಂದು ಹನೀನೂ ಬುಡ್ನಿಲ್ಲ. ಬುಡಬ್ಯಾಡ ಅಂತ ಇವ್ರೇ ಎದ್ರುಸಿದ್ರು. ಅತ್ತೆಗೂ ಗೊತ್ತು."

"ಸುಳ್ಳು" ಎಂದ ಶಶಿಧರ. ಬೆಟ್ಟಮ್ಮ ಸೆರಗಿನ ತುದಿ ಸರಿಮಾಡಿಕೊಂಡಳು.

ಬಣ್ಣ ಬೆರೆಸುವ ಮಗ್ಗು ಮೂಲೆಯಲ್ಲಿ ಬಿದ್ದಿತ್ತು. ಶಶಿಧರ ತಂದ ಬಣ್ಣಕ್ಕೆ ಬೇರೆ ಡಬ್ಬಿ ಇದ್ದುದರಿಂದ ಅದನ್ನು ಯಾರೂ ತೊಳೆದಿರಲಿಲ್ಲ. ಆವತ್ತು ಜವರಯ್ಯ ಬೆರೆಸಿದ ಬಿಳಿ, ಸೋಸುವುದಕ್ಕೂ ಮುಂಚಿನದು, ತಳದಲ್ಲಿ ಒಣಗಿ ಕೂತಿತ್ತು. ಅವನು ಮಗ್ಗನ್ನು ಎತ್ತಿ ಆ ತುಂಡಿನ ಪಕ್ಕಕ್ಕೆ ಹಿಡಿದ. ಎರಡೂ ಒಂದೇ ನೀಲಿ. ಬಣ್ಣ ಸೊಸೆಯ ಕೈಗೆ ಹೋಗುವ ಮುಂಚೆಯೇ ಕೆಟ್ಟಿತ್ತು. ಕೆಡಿಸಿದವನು ತಾನು. ಎರಡು ವರ್ಷ ಕಾಪಾಡಿದವಳು ಅವಳು. ಅದನ್ನು ಓದಲು ಅವನಿಗೆ ಈಗ ಕಣ್ಣಿತ್ತು.

ಜವರಯ್ಯ ಮಗ್ಗಿಗೆ ಥಿನ್ನರ್ ಸುರಿದು, ಬಟ್ಟೆ ಹಾಕಿ ತಿಕ್ಕಿ ತಿಕ್ಕಿ, ತಳ ಹೊಳೆಯುವ ತನಕ ತೊಳೆದ. "ಸಿದ್ದೇಸಂಗೆ ಫೋನ್ ಮಾಡು. ಬರೋ ಬಾನುವಾರ ಗಾಡಿ ತರಾಕೇಳು" ಎಂದು ಮಗನಿಗೆ ಹೇಳಿದ.

ದೀಪಿಕಳಿಗೆ ಆ ವಾರವೆಲ್ಲ ಮೈ ಹಗುರವಾಗಿತ್ತು. ಮಾವ ಮಗ್ಗನ್ನು ನೋಡಿದ್ದಾನೆ, ಅವನಿಗೆ ತಿಳಿದಿದೆ. ನಾಲ್ಕು ಜನರ ಎದುರಿಗೆ ಅವಮಾನವಾಗಿತ್ತು, ನಾಲ್ಕು ಜನರ ಎದುರಿಗೇ ಸರಿಮಾಡುತ್ತಾನೆ ಎಂದು ಕಾದಳು. ಅವನು ನಾಲ್ಕು ತುಂಡನ್ನೂ ಮತ್ತೆ ಉಜ್ಜಿಸಿದ, ಅವಳೇ ಉಜ್ಜಿದಳು. ಬಣ್ಣ ಬೆರೆಸಿದ ದಿನ ಮಾತ್ರ ಸೋಸಲು ಅವಳನ್ನು ಕರೆಯಲಿಲ್ಲ, ಶಶಿಧರನನ್ನು ಕರೆದ. ತನ್ನ ಕಣ್ಣನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿರಬೇಕು ಎಂದು ಅವಳು ಸಮಾಧಾನ ಮಾಡಿಕೊಂಡಳು.

ಭಾನುವಾರ ಬೈಕು ಬಿಸಿಲಿನಲ್ಲಿ ನಿಂತಿತು. ಟ್ಯಾಂಕು ಯಾವುದು, ಫೇರಿಂಗು ಯಾವುದು ಎಂದು ಗೆರೆ ಹುಡುಕಬೇಕಿತ್ತು. ಸಿದ್ದೇಶ್ ಮೂರು ಸುತ್ತು ಬಂದು ಜವರಯ್ಯನ ಕೈ ಹಿಡಿದುಕೊಂಡ. ನಿಂಗಯ್ಯನೂ ಅವನ ಗಿರಾಕಿಗಳೂ ಬಂದು ನೋಡಿ ಹೊಗಳಿದರು. ದೀಪಿಕ ಕಾಫಿ ಲೋಟಗಳ ತಟ್ಟೆ ಹಿಡಿದು ಹೊಸಲಿಗೆ ಬಂದಳು.

"ಹಂಗಾದ್ರೆ ಆವತ್ತು ಏನಾಗಿತ್ತು ಜವರಣ್ಣ?" ಕೇಳಿದ ಸಿದ್ದೇಶ್.

ಜವರಯ್ಯ ಸೊಸೆಯ ಕಡೆ ಒಂದು ಸಲ ನೋಡಿದ. ಆಮೇಲೆ ಸಿದ್ದೇಶನ ಕಡೆ ತಿರುಗಿದ.

"ಪೊರೆ ವಸಿ ಇತ್ತು ಕಣಪ್ಪ, ಇಲ್ಲ ಅನ್ನಕಿಲ್ಲ. ಆದ್ರೆ ನನ್ ಕೈ ತಪ್ಪಿರ್ನಿಲ್ಲ. ಈ ನಮ್ ಸೊಸೆ ಸೋಸೋವಾಗ ನೀಲಿ ಬೀಳಿಸ್ಬುಟ್ಟವ್ಳೆ. ಬೀಳಿಸಿ ಯಾರ್ಗೂ ಏಳ್ದಂಗೆ ಮುಚ್ಚಿಟ್ಟವ್ಳೆ. ನನ್ ಮಗನೇ ಕಂಡಿಡ್ದ."

"ಅದೇ ಅನ್ಕಂಡೆ ನಾನು" ಎಂದ ನಿಂಗಯ್ಯ. "ಜವರಣ್ಣನ ಕೈ ಎಲ್ಲಾರ ತಪ್ತದಾ?"

"ಏನಮ್ಮಾ, ಕಲಿಯೋಕೆ ನನ್ ಗಾಡಿನೇ ಬೇಕಿತ್ತಾ?" ಸಿದ್ದೇಶ್ ನಗುತ್ತ ತಟ್ಟೆಯಿಂದ ಲೋಟ ಎತ್ತಿಕೊಂಡ. ಎಲ್ಲರೂ ನಕ್ಕರು. ಎಲ್ಲರೂ ಒಂದೊಂದು ಲೋಟ ತೆಗೆದುಕೊಳ್ಳುವ ತನಕ ಅವಳು ತಟ್ಟೆ ಹಿಡಿದು ನಿಂತಿರಬೇಕಾಯಿತು. ಜವರಯ್ಯ ಗೋಡೆಯ ಮೊಳೆಯಿಂದ ಗನ್ನು ತೆಗೆದು, ಒರೆಸಿ, ಎಲ್ಲರ ಎದುರಿಗೇ ಮಗನ ಕೈಗೆ ಕೊಟ್ಟ. "ಬೆರೆಸೋದು ನಾನು, ಹೊಡೆಯೋದು ಇವ್ನು" ಎಂದ. ಶಶಿಧರ ಅಪ್ಪನ ಕಾಲು ಮುಟ್ಟಿದ. ಅಪ್ಪನಿಗೆ ಮಗ ಸುಳ್ಳ ಎಂದು ಗೊತ್ತಿತ್ತು, ಮಗನಿಗೆ ಅಪ್ಪ ಸುಳ್ಳ ಎಂದು ಗೊತ್ತಿತ್ತು. ಅಷ್ಟು ಅನ್ಯೋನ್ಯವಾಗಿ ಅವರಿಬ್ಬರೂ ಯಾವತ್ತೂ ಇದ್ದಿರಲಿಲ್ಲ.

ಒಳಗೆ ಬೆಟ್ಟಮ್ಮ ಸೊಪ್ಪು ಬಿಡಿಸುತ್ತಿದ್ದಳು. ಸೊಸೆ ಬಂದು ಖಾಲಿ ತಟ್ಟೆಯನ್ನು ಕುಕ್ಕಿದಳು.

"ಅಪ್ಪ ಮಗ ಒಂದಾದ್ರಲ್ಲ, ಸಾಕು ಬುಡು" ಎಂದಳು ಬೆಟ್ಟಮ್ಮ. "ನಿನ್ ಮ್ಯಾಲೆ ಒಂದು ಮಾತು ಬಿದ್ರೆ ನೀನೇನ್ ಸವೆದೋಯ್ತೀಯಾ?"

ಮಧ್ಯಾಹ್ನ ಜವರಯ್ಯ ಒಬ್ಬನೇ ಊಟಕ್ಕೆ ಕೂತ. ಶಶಿಧರ ಸಿದ್ದೇಶನ ಬೈಕಿನಲ್ಲಿ ಒಂದು ಸುತ್ತು ಹೋಗಿದ್ದ. ದೀಪಿಕ ಮುದ್ದೆ ಇಟ್ಟಳು, ಸಾರು ಬಿಟ್ಟಳು, ಅಲ್ಲೇ ನಿಂತಳು.

"ಮಗ್ ನೋಡುದ್ರಲ್ಲ ಮಾವ."

ಅವನು ಮುದ್ದೆ ಮುರಿದ.

"ನಾನು ಕೆಡುಸ್ನಿಲ್ಲ ಅಂತ ಗೊತ್ತಲ್ಲ ನಿಮ್ಗೆ."

"ಗೊತ್ತು ಕಣಮ್ಮ."

"ಅಂಗಾದ್ರೆ ಯಾಕಂಗಂದ್ರಿ?"

"ಇನ್ನೇನ್ ಅನ್ಲಿ? ಎರಡು ವರ್ಸ ನಾನು ಕುರುಡ, ನನ್ ಸೊಸೆ ಗಾಡಿಗೆ ಬಣ್ಣ ಹೊಂದುಸ್ತಿದ್ಲು ಅಂತ ನಿಂಗಯ್ಯನ್ ಎದುರ್ಗೆ ಅನ್ಲಾ? ಈ ರಸ್ತೇಲಿ ತಲೆ ಎತ್ಕಂಡು ಓಡಾಡಬ್ಯಾಡ್ವಾ ನಾನು?"

"ಅವ್ರಿಗೆ ಬ್ಯಾಡ. ಮನೆ ಒಳ್ಗಾದ್ರೂ ಒಂದ್ಸಲ ಅನ್ನಿ ಮಾವ. ನಿಮ್ ಮಗನ ಎದುರ್ಗೆ. ಗನ್ನು ಬ್ಯಾಡ ನಂಗೆ. ಸೋಸೋ ಕೆಲ್ಸ ಕೊಡಿ ಸಾಕು."

ಜವರಯ್ಯ ತಲೆ ಎತ್ತಿ ಅವಳನ್ನು ನೋಡಿದ. ಪೊರೆಯಿಲ್ಲದ ಕಣ್ಣಿನಲ್ಲಿ ಅವನು ಅವಳ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲಿರಬೇಕು. ಕೆನ್ನೆಯ ಮೇಲೆ ಮಗನ ಬೆರಳಿನ ಗುರುತು ಮಾಸಿರಲಿಲ್ಲ. ಆ ವಾರ ಮತ್ತೆ ಬಿದ್ದಿತ್ತು.

"ನಿನ್ ಕಣ್ಣು ನನ್ ಕಣ್ಗಿಂತ ಚೆನ್ನಾಗದೆ. ಅದ್ಕೇ ಬ್ಯಾಡ" ಎಂದ. "ನಾಳಿಂದ ನೀನು ಷೆಡ್ಡಿಗೆ ಬರಕೂಡ್ದು. ಮೊಸ್ರು ಅದಾ?"

ಮೊಸರಿತ್ತು. ಅವಳು ಬಡಿಸಿದಳು. ಒಂದಿಷ್ಟು ನೆಲಕ್ಕೆ ಚೆಲ್ಲಿತು, ಅದನ್ನೂ ಒರೆಸಿದಳು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

ಹತ್ತು ದಿನ ಕಳೆದ ಮೇಲೆ ಷೆಡ್ಡಿಗೆ ಇನ್ನೊಂದು ಬಿಳಿ ಗಾಡಿ ಬಂತು. ಜವರಯ್ಯ ಬೆರೆಸಿ, ಮಗ್ಗಿಗೆ ತಟ್ಟೆ ಮುಚ್ಚಿ ಒಳಗೆ ಬಂದ. ಅಪ್ಪ ಮಗ ಎದುರು ಬದುರು ಕೂತು ಉಣ್ಣತೊಡಗಿದರು. ದೀಪಿಕ ಕಸ ಚೆಲ್ಲುವ ನೆಪ ಮಾಡಿಕೊಂಡು ಷೆಡ್ಡಿಗೆ ಹೋದಳು. ತಟ್ಟೆ ಸರಿಸಿದಳು. ಒಂದೇ ಒಂದು ಹನಿ ನೀಲಿ ಹೆಚ್ಚಾಗಿರಲಿ ದೇವರೇ ಎಂದು ಬೇಡಿಕೊಂಡು, ಕಡ್ಡಿ ಅದ್ದಿ, ಹೊರಗೆ ಬಿಸಿಲಿಗೆ ಬಂದು ಗಾಡಿಯ ಪಕ್ಕಕ್ಕೆ ಹಿಡಿದು ನೋಡಿದಳು. ತಿರುಗಿಸಿ ಇನ್ನೊಂದು ಸಲ ನೋಡಿದಳು.

ಬಣ್ಣ ಸರಿಯಾಗಿಯೇ ಇತ್ತು.